ಮುಖವಾಡದ ಹಿಂದೆ ಯಾರಿದ್ದಾರೆ? ಪುಟ್ಟ ಮಕ್ಕಳ ಜೊತೆ ಹ್ಯಾಲೋವೀನ್

ಪ್ರಶ್ನೆ: ನಾವು ಬೆಂಗಳೂರಿನಿಂದ ನ್ಯೂಜೆರ್ಸಿಗೆ ಬಂದು ಒಂದೂವರೆ ವರ್ಷವಾಯಿತು. ಮಗನಿಗೆ ಆರೂವರೆ, ಮಗಳಿಗೆ ಮೂರೂವರೆ. ಅಕ್ಟೋಬರ್ 31ರ ಸಂಜೆ ಇಲ್ಲಿ ಮಕ್ಕಳು ವೇಷ ಹಾಕಿಕೊಂಡು ಮನೆ ಮನೆಗೆ ಹೋಗಿ ಕ್ಯಾಂಡಿ ಪಡೆಯುವ ಹಬ್ಬ ಹ್ಯಾಲೋವೀನ್. ಹೋದ ಸಲ ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆವು. ಒಂದು ಮನೆಯ ಬಾಗಿಲ ಹತ್ತಿರ ನಿಲ್ಲಿಸಿದ್ದ ಅಸ್ಥಿಪಂಜರ ನಾವು ಹೋದ ತಕ್ಷಣ ಕಣ್ಣು ಕೆಂಪಗೆ ಮಾಡಿ ಕಿರುಚಿತು. ಮಗಳು ಬೆಚ್ಚಿಬಿದ್ದಳು. ಆಮೇಲೆ ಎಷ್ಟೋ ರಾತ್ರಿ ಎದ್ದು ಅಳುತ್ತಿದ್ದಳು. ಈ ಸಲ ಮಗ ಅಸ್ಥಿಪಂಜರದ ವೇಷವೇ ಬೇಕು ಅಂತ ಹಠ ಹಿಡಿದಿದ್ದಾನೆ. ಮಗಳು ಆ ಬೀದಿಗೇ ಬರುವುದಿಲ್ಲ ಅನ್ನುತ್ತಾಳೆ. ಊರಿನಿಂದ ಬಂದಿರುವ ಅತ್ತೆ, "ಮುಸ್ಸಂಜೆ ಹೊತ್ತಲ್ಲಿ ಮಕ್ಕಳಿಗೆ ದೆವ್ವದ ವೇಷ ಹಾಕಿಸ್ತೀರಾ?" ಅಂತ ಬೇಸರ ಮಾಡಿಕೊಂಡಿದ್ದಾರೆ. ನಾವು ಸಸ್ಯಾಹಾರಿಗಳು ಬೇರೆ. ಆ ರಾಶಿ ಕ್ಯಾಂಡಿಯಲ್ಲಿ ಏನೇನಿದೆಯೋ ಗೊತ್ತಾಗುವುದಿಲ್ಲ. ಸುಮ್ನೆ ಲೈಟ್ ಆರಿಸಿ ಒಳಗೆ ಕೂತುಬಿಡೋಣವೇ?

ಉತ್ತರ: ಮೊದಲು ನಿಮ್ಮ ಕೊನೆಯ ಮಾತು. ಹೌದು, ಲೈಟ್ ಆರಿಸಿ ಒಳಗೆ ಕೂರಬಹುದು. ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಬಾಗಿಲ ಮುಂದಿನ ದೀಪ ಉರಿಯುತ್ತಿದ್ದರೆ ಮಕ್ಕಳು ಬರುತ್ತಾರೆ, ಆರಿದ್ದರೆ ಮುಂದಿನ ಮನೆಗೆ ಹೋಗುತ್ತಾರೆ, ಅಷ್ಟೇ. ಆದರೆ ನಿಮ್ಮ ಮಗಳ ವಿಷಯದಲ್ಲಿ ನಾನು ಹಾಗೆ ಮಾಡಿ ಅನ್ನುವುದಿಲ್ಲ. ಅಕ್ಟೋಬರ್ ತಿಂಗಳು ಪೂರ್ತಿ ಅಸ್ಥಿಪಂಜರಗಳು ಬೀದಿಯಲ್ಲೇ ನಿಂತಿರುತ್ತವೆ. ಶಾಲೆಗೆ ಹೋಗುವಾಗಲೂ ಕಾಣುತ್ತವೆ, ಅಂಗಡಿಗೆ ಹೋಗುವಾಗಲೂ ಕಾಣುತ್ತವೆ. ಬಾಗಿಲು ಹಾಕಿಕೊಂಡರೆ ಒಂದು ಸಂಜೆ ತಪ್ಪುತ್ತದೆ. ಭಯ ಇದ್ದಲ್ಲೇ ಇರುತ್ತದೆ.

ಎರಡರಿಂದ ಆರು ವರ್ಷದ ಮಕ್ಕಳ ಜೊತೆ ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದ್ದೇನೆ. ಹ್ಯಾಲೋವೀನ್ ಬಗ್ಗೆ ಹೆಚ್ಚಿನ ತಂದೆತಾಯಿ ನನ್ನ ಹತ್ತಿರ ಬರುವುದು ನವೆಂಬರ್ ಮೊದಲ ವಾರದಲ್ಲಿ. ಅಷ್ಟು ಹೊತ್ತಿಗೆ ಮಗು ಬಾತ್‌ರೂಮಿಗೂ ಒಬ್ಬನೇ ಹೋಗದ ಹಾಗೆ ಆಗಿರುತ್ತದೆ. ನೀವು ಮುಂಚೆಯೇ ಕೇಳಿದ್ದೀರಿ, ತುಂಬ ಒಳ್ಳೆಯದಾಯಿತು. ನಾನು ಹೇಳುವುದು ಇಷ್ಟೇ: ಮಗುವಿಗೆ ಅಂಗಿ ಹೊಲಿಸುವಾಗ ಅವಳ ಅಳತೆ ತೆಗೆದುಕೊಳ್ಳುತ್ತೇವೆ ಅಲ್ವಾ, ಈ ಹಬ್ಬವನ್ನೂ ಹಾಗೆ ಅವಳ ಅಳತೆಗೆ ಹೊಲಿಯಿರಿ. ಅವಳ ಅಳತೆ ಈಗ ಅರ್ಧ ಗಂಟೆ, ಐದು ಮನೆ, ಸೂರ್ಯ ಮುಳುಗುವ ಮೊದಲು.

ಅವಳು ಯಾಕೆ ಅಷ್ಟು ಹೆದರಿದಳು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಗೊತ್ತಾದರೆ ಮಿಕ್ಕದ್ದೆಲ್ಲ ಸುಲಭ. ಎರಡು-ಮೂರು ವರ್ಷದ ಮಗುವಿಗೆ ಮುಖ ಅಂದರೆ ಆ ಮನುಷ್ಯನೇ. ಮುಖ ಬದಲಾದರೆ ಮನುಷ್ಯನೇ ಬದಲಾದ ಹಾಗೆ. 1969ರಲ್ಲಿ ರೀಟಾ ಡಿವ್ರೀಸ್ ಎಂಬ ಅಮೆರಿಕದ ಸಂಶೋಧಕಿ ಇದನ್ನು ಒಂದು ಬೆಕ್ಕಿನಿಂದ ತೋರಿಸಿಕೊಟ್ಟರು. ಆ ಬೆಕ್ಕಿನ ಹೆಸರು ಮೇನಾರ್ಡ್. ಮೂರರಿಂದ ಆರು ವರ್ಷದ ಮಕ್ಕಳಿಗೆ ಮೊದಲು ಬೆಕ್ಕನ್ನು ತೋರಿಸಿದರು. ಆಮೇಲೆ ಅದರ ಮುಂಭಾಗವನ್ನು ಮಾತ್ರ ಮರೆಮಾಡಿ, ಮುಖಕ್ಕೆ ನಾಯಿಯ ಮುಖವಾಡ ತೊಡಿಸಿದರು. ಬಾಲ ಮಕ್ಕಳ ಕಣ್ಣ ಮುಂದೆಯೇ ಇತ್ತು. ಬೆಕ್ಕು ಬದಲಾಗಿಲ್ಲ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೇ? ಆದರೂ ಮೂರು ವರ್ಷದವರಲ್ಲಿ ಹೆಚ್ಚಿನವರು ಇದೀಗ ನಾಯಿ ಆಯಿತು ಅಂದರು. ಬೊಗಳುತ್ತದೆ ಅಂದರು. ಆರು ವರ್ಷದವರು ಮಾತ್ರ, ಇದು ಮುಖವಾಡ ಹಾಕಿದ ಬೆಕ್ಕು ಅಂತ ಸರಿಯಾಗಿ ಹೇಳಿದರು.

ನಿಮ್ಮ ಮನೆಯಲ್ಲಿ ಈ ಎರಡೂ ವಯಸ್ಸಿನವರಿದ್ದಾರೆ. ಒಬ್ಬನಿಗೆ ಅದು ಬೊಂಬೆ, ಇನ್ನೊಬ್ಬಳಿಗೆ ಅದು ನಿಜ. "ಅದು ಬರೀ ಪ್ಲಾಸ್ಟಿಕ್ ಕಣಮ್ಮಾ" ಅಂತ ನೂರು ಸಲ ಹೇಳಿದರೂ ಅವಳಿಗೆ ನಾಟುವುದಿಲ್ಲ. ಅವಳು ಕಂಡದ್ದು ಕಣ್ಣು ಕೆಂಪಗಾಗಿದ್ದು, ಕೇಳಿದ್ದು ಕಿರುಚಿದ್ದು. ಅದೂ ಸೂಚನೆಯಿಲ್ಲದೆ. ಆ ವಯಸ್ಸಿನ ಮಕ್ಕಳಿಗೆ ಇದ್ದಕ್ಕಿದ್ದಂತೆ ಬರುವ ದೊಡ್ಡ ಶಬ್ದ ಯಾವ ದೆವ್ವಕ್ಕಿಂತಲೂ ಹೆಚ್ಚು.

ಇಲ್ಲಿ ನನ್ನ ಬಾಲ್ಯದ ಒಂದು ಮಾತು ಹೇಳಬೇಕು. ನಾನು ಬೆಳೆದದ್ದು ಪುತ್ತೂರಿನ ಕಡೆ. ನಾಲ್ಕೈದು ವರ್ಷದವಳಿದ್ದಾಗ ಯಕ್ಷಗಾನದ ಬಣ್ಣದ ವೇಷ ಅಂದರೆ ನನಗೆ ಜೀವ ಬಾಯಿಗೆ ಬರುತ್ತಿತ್ತು. ಜನರ ಹಿಂದಿನಿಂದ ದೊಂದಿ ಬೆಳಕಿನಲ್ಲಿ, ರಾಳ ಹಾರಿಸುತ್ತಾ, ಅಬ್ಬರಿಸುತ್ತಾ ರಕ್ಕಸ ಬರುವ ಹೊತ್ತಿಗೆ ನಾನು ಅಪ್ಪನ ಶಾಲಿನೊಳಗೆ. ಒಂದು ಸಲ ಅಪ್ಪ ಆಟ ಶುರುವಾಗುವ ಮೊದಲೇ ನನ್ನನ್ನು ಚೌಕಿಗೆ, ಅಂದರೆ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೆ, ಕರೆದುಕೊಂಡು ಹೋದರು. ಅಲ್ಲಿ ಒಬ್ಬರು ಕನ್ನಡಿ ಮುಂದೆ ಕೂತು, ಅಕ್ಕಿ ಹಿಟ್ಟು ಮತ್ತು ಸುಣ್ಣದ ಚುಟ್ಟಿಯನ್ನು ಮುಖದ ಮೇಲೆ ಒಂದೊಂದೇ ಇಡುತ್ತಿದ್ದರು. ಅದಕ್ಕೆ ಗಂಟೆಗಟ್ಟಲೆ ಬೇಕು. ನಡುವೆ ಚಾ ಕುಡಿದರು. ನನ್ನ ಹೆಸರು ಕೇಳಿದರು. ಆ ರಾತ್ರಿಯೂ ಹೆದರಿದೆ. ಆದರೆ ಶಾಲಿನ ಸಂದಿಯಿಂದ ನೋಡಿದೆ. ಒಳಗಿರುವುದು ಚಾ ಕುಡಿದ ಮಾಮ ಅಂತ ನನಗೆ ಗೊತ್ತಿತ್ತು.

ನಿಮ್ಮ ಮಗಳಿಗೆ ಈಗ ಬೇಕಾಗಿರುವುದು ಅಂಥ ಒಂದು ಚೌಕಿ.

ಹೇಗೆ ಅಂದರೆ, ಒಂದು ಬೆಳಿಗ್ಗೆ ಹ್ಯಾಲೋವೀನ್ ಸಾಮಾನು ಮಾರುವ ಅಂಗಡಿಗೆ ಹೋಗಿ. ಜನ ಕಡಿಮೆ ಇರುವ ಹೊತ್ತು ನೋಡಿಕೊಳ್ಳಿ. ಇತ್ತೀಚೆಗೆ ಈ ಬೊಂಬೆಗಳು ತುಂಬ ದೊಡ್ಡವಾಗಿವೆ, 2020ರಿಂದ 12 ಅಡಿ ಎತ್ತರದ ಅಸ್ಥಿಪಂಜರಗಳೂ ಬಂದಿವೆ. ಹಾಗಾಗಿ ಮೊದಲು ನೀವೊಬ್ಬರೇ ಹೋಗಿ ಯಾವ ಸಾಲಿನಲ್ಲಿ ಏನಿದೆ ಅಂತ ನೋಡಿ ಬಂದರೆ ಒಳ್ಳೆಯದು. ಶಬ್ದ ಮಾಡುವ ಬೊಂಬೆಗಳ ಮೇಲೆ ಸಾಮಾನ್ಯವಾಗಿ "ಟ್ರೈ ಮಿ" ಅಂತ ಬರೆದ ಗುಂಡಿ ಇರುತ್ತದೆ. ಮಗಳನ್ನು ಎತ್ತಿಕೊಂಡು ದೂರದಲ್ಲಿ ನಿಲ್ಲಿ. "ಅಣ್ಣ ಗುಂಡಿ ಒತ್ತಲಾ, ಬೇಡವಾ?" ಅಂತ ಅವಳನ್ನೇ ಕೇಳಿ. ಬೇಡ ಅಂದರೆ ಬೇಡ. ಸರಿ ಅಂದರೆ, ಅವಳು ಒಂದು ಎರಡು ಮೂರು ಎಣಿಸಿದ ಮೇಲೆ ಅಣ್ಣ ಒತ್ತಲಿ. ಆಮೇಲೆ ಬೊಂಬೆಯ ಬೆನ್ನು ತಿರುಗಿಸಿ ಬ್ಯಾಟರಿ ಹಾಕುವ ಜಾಗ ತೋರಿಸಿ. ಹೋದ ವರ್ಷ ಶಬ್ದ ಅವಳ ಮೇಲೆ ಎರಗಿತ್ತು. ಈಗ ಅವಳು ಎಣಿಸಿದಾಗ ಮಾತ್ರ ಶಬ್ದ ಬರುತ್ತದೆ. ಇದು ಸಣ್ಣ ಬದಲಾವಣೆ ಅನ್ನಿಸಬಹುದು, ಆದರೆ ಮಗುವಿಗೆ ಬಹಳ ದೊಡ್ಡದು. ಒಂದೇ ದಿನದಲ್ಲಿ ಆಗದಿದ್ದರೆ ಇನ್ನೊಂದು ದಿನ ಹೋಗಿ. ಎರಡನೇ ಸಲ ತಾನೇ ಒಂದು ಹೆಜ್ಜೆ ಮುಂದೆ ಬರುತ್ತಾಳೆ.

ಕಿರುಚಿದ ಅಸ್ಥಿಪಂಜರದ ಮನೆಯವರ ಹತ್ತಿರವೂ ಮಾತಾಡಿ. ಸಂಕೋಚ ಬೇಡ. "ನಮ್ಮ ಮಗಳು ಹೋದ ವರ್ಷ ತುಂಬ ಹೆದರಿದ್ದಳು, ಹಗಲಲ್ಲಿ ಒಮ್ಮೆ ಸ್ವಿಚ್ ಆಫ್ ಮಾಡಿ ತೋರಿಸ್ತೀರಾ?" ಅಂತ ಕೇಳಿದರೆ ಬೇಡ ಅನ್ನುವವರು ಕಡಿಮೆ. ಅಲಂಕಾರ ಮಾಡುವವರಿಗೆ ಮಕ್ಕಳು ಅಂದರೆ ಇಷ್ಟ ಇದ್ದೇ ಇರುತ್ತದೆ.

ಮನೆಯಲ್ಲಿ ಹೋದ ವರ್ಷದ ಕಥೆಯನ್ನು ಅವಳಿಗೆ ಹೇಳಿ. ಮುಚ್ಚಿಡಬೇಡಿ. "ನಾವು ನಡ್ಕೊಂಡು ಹೋಗ್ತಿದ್ವಿ. ಅಸ್ಥಿಪಂಜರ ಜೋರಾಗಿ ಕಿರುಚ್ತು. ನಿನಗೆ ಭಯ ಆಯ್ತು. ಅಮ್ಮ ಎತ್ಕೊಂಡ್ಳು. ಮನೆಗೆ ಬಂದು ಹಾಲು ಕುಡಿದು ಮಲಗಿದ್ವಿ." ಇಷ್ಟೇ ಕಥೆ. ಹತ್ತು ಸಲ ಕೇಳಿದರೆ ಹತ್ತು ಸಲವೂ ಹೇಳಿ. ಅವಳ ನೆನಪಿನಲ್ಲಿ ಕಥೆ ಕಿರುಚಿದಲ್ಲೇ ನಿಂತುಬಿಟ್ಟಿದೆ. ಅದು ಎತ್ತಿಕೊಂಡಲ್ಲಿಗೆ, ಹಾಲು ಕುಡಿದಲ್ಲಿಗೆ ಬಂದು ಮುಗಿಯಬೇಕು.

ದಯವಿಟ್ಟು ಎರಡು ಮಾತು ಮಾತ್ರ ಆಡಬೇಡಿ. ಒಂದು, "ನೀನು ಜಾಣೆ ಅಲ್ವಾ, ಹೆದರಬಾರದು." ಇದರಿಂದ ಭಯ ಹೋಗುವುದಿಲ್ಲ, ಹೇಳಿಕೊಳ್ಳುವುದು ನಿಂತುಹೋಗುತ್ತದೆ. ಇನ್ನೊಂದು, "ಊಟ ಮಾಡದಿದ್ದರೆ ಆ ಅಸ್ಥಿಪಂಜರವನ್ನು ಕರೀತೀನಿ." ನಮ್ಮಲ್ಲಿ ಗುಮ್ಮನನ್ನು ಕರೆದು ತುತ್ತು ಇಡುವುದು ಹಳೆಯ ರೂಢಿ. ಮನೆಯ ಹಿರಿಯರಿಗೂ ಇದನ್ನು ಮೆಲ್ಲಗೆ ತಿಳಿಸಿ. ಈಗಾಗಲೇ ಹೆದರಿದ ಮಗುವಿನ ಎದುರು ಗುಮ್ಮನ ಹೆಸರೇ ಬೇಡ.

ಇನ್ನು ಮಗನ ವೇಷ. ಅವನ ಆಸೆಯನ್ನು ತಂಗಿಗಾಗಿ ಕೆಡಿಸಬೇಡಿ. ಕಪ್ಪು ಬಟ್ಟೆಯ ಮೇಲೆ ಮೂಳೆ ಬರೆದ ಪೈಜಾಮದಂಥ ವೇಷ ಸಿಗುತ್ತದೆ, ಅದನ್ನು ಕೊಡಿಸಿ. ಮುಖವಾಡ ಮಾತ್ರ ಬೇಡ. ಮುಖಕ್ಕೆ ಬಣ್ಣ ಹಚ್ಚಿ, ಆ ಬಣ್ಣವನ್ನು ತಂಗಿಯ ಕೈಯಲ್ಲೇ ಹಚ್ಚಿಸಿ. ಅಣ್ಣ ಕನ್ನಡಿ ಮುಂದೆ ಕೂರಲಿ, ಅವಳು ಬೆರಳಲ್ಲಿ ಅವನ ಕೆನ್ನೆಗೆ ಬಿಳಿ ಬಳಿಯಲಿ, ಮೂಗಿಗೆ ಕಪ್ಪು ಚುಕ್ಕಿ ಇಡಲಿ. ಚೆನ್ನಾಗಿ ಬರುವುದಿಲ್ಲ, ಪರವಾಗಿಲ್ಲ. ಆಮೇಲೆ ಒದ್ದೆ ಬಟ್ಟೆಯಿಂದ ಅವಳೇ ಒರೆಸಲಿ. ಅಸ್ಥಿಪಂಜರ ಬಂತು, ಅಣ್ಣ ಹೋದ. ಒರೆಸಿದಳು, ಅಣ್ಣ ಬಂದ. ಹಬ್ಬಕ್ಕೆ ಮೊದಲು ಎರಡು ಮೂರು ಸಲ ಹೀಗೆ ಆಡಿ. ಬಣ್ಣವನ್ನು ಮುಂಚೆಯೇ ಅವನ ತೋಳಿನ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ತುರಿಕೆ ಬರುತ್ತದೆಯೇ ಅಂತ ಒಂದು ದಿನ ಕಾದು ನೋಡಿ. ಮಕ್ಕಳಿಗೆ ಮುಖವಾಡಕ್ಕಿಂತ ಬಣ್ಣ ಒಳ್ಳೆಯದು ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಹೇಳುತ್ತದೆ. ಮುಖವಾಡ ಕಣ್ಣಿಗೆ ಅಡ್ಡ ಬಂದು ಬದಿಯಿಂದ ಬರುವ ಕಾರು ಕಾಣುವುದಿಲ್ಲ, ಅದು ಕಾರಣ.

ಮಗಳ ವೇಷ ಅವಳ ಇಷ್ಟ. ಬೆಕ್ಕು, ಚಿಟ್ಟೆ, ಬಾಳೆಹಣ್ಣು, ಏನಾದರೂ ಆಗಲಿ. ಒಂದು ವಾರ ಮೊದಲೇ ಮನೆಯಲ್ಲಿ ತೊಡಿಸಿ ಓಡಾಡಿಸಿ, ಮೆಟ್ಟಿಲು ಹತ್ತಿಸಿ. ಟಾಯ್ಲೆಟ್‌ಗೆ ಹೋಗಲು ಬಿಚ್ಚುವುದಕ್ಕೆ ಆಗುತ್ತದೆಯೇ ನೋಡಿ. ಉದ್ದ ಲಂಗ, ಇಳಿಬಿದ್ದ ದುಪಟ್ಟಾ ಬೇಡ, ಎಡವುತ್ತಾಳೆ. ಕೆಲವು ಮನೆಗಳ ಮುಂದೆ ಕುಂಬಳಕಾಯಿಯೊಳಗೆ ನಿಜವಾದ ಮೇಣದಬತ್ತಿ ಇರುತ್ತದೆ, ಸಿಂಥೆಟಿಕ್ ಬಟ್ಟೆಗೆ ಕಿಡಿ ತಗುಲಿದರೆ ಕಷ್ಟ. ಕೊಳ್ಳುವಾಗ ಬೆಂಕಿ ಬೇಗ ಹತ್ತದ ಬಟ್ಟೆ ಅಂತ ಲೇಬಲ್ ಇದೆಯೇ ನೋಡಿ. ನ್ಯೂಜೆರ್ಸಿಯಲ್ಲಿ ಅಕ್ಟೋಬರ್ ಕೊನೆಗೆ ಚಳಿ ಇರುತ್ತದೆ, ಒಳಗೆ ಬೆಚ್ಚನೆಯ ಬಟ್ಟೆ ಹಿಡಿಸುವಷ್ಟು ಸಡಿಲವಿರಲಿ. ಇಷ್ಟೆಲ್ಲ ಮಾಡಿದ ಮೇಲೂ ಆ ದಿನ ಅವಳು "ನಂಗೆ ಬೇಡ" ಅಂತ ವೇಷ ಬಿಚ್ಚಿ ಎಸೆಯಬಹುದು. ಈ ವಯಸ್ಸಿನಲ್ಲಿ ಅದು ಮಾಮೂಲು. ಸ್ವೆಟರ್ ಹಾಕಿಸಿ ಹಾಗೇ ಕರೆದುಕೊಂಡು ಹೋಗಿ. ಫೋಟೋಗಾಗಿ ಜಗಳ ಬೇಡ.

ಈಗ ಆ ಸಂಜೆ. ಅಮೆರಿಕದಲ್ಲಿ 2007ರಿಂದ ಚಳಿಗಾಲಕ್ಕೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದು ನವೆಂಬರ್ ಮೊದಲ ಭಾನುವಾರ. ಹಾಗಾಗಿ ಹ್ಯಾಲೋವೀನ್ ದಿನ ಸಂಜೆ ಯಾವಾಗಲೂ ಒಂದು ಗಂಟೆ ಹೆಚ್ಚು ಬೆಳಕು ಸಿಗುತ್ತದೆ. ನಿಮ್ಮ ಕಡೆ ಸೂರ್ಯ ಮುಳುಗುವುದು ಆರು ಗಂಟೆಗೆ ಸ್ವಲ್ಪ ಮೊದಲು. ಐದಕ್ಕೆ ಹೊರಡಿ. ಅವಳಿಗೆ ಮೊದಲೇ ಹೊಟ್ಟೆ ತುಂಬ ತಿನ್ನಿಸಿರಿ, ಮಧ್ಯಾಹ್ನ ಸ್ವಲ್ಪ ಮಲಗಿಸಿರಿ. ಹಸಿವು, ನಿದ್ದೆ, ಭಯ ಮೂರೂ ಒಟ್ಟಿಗೆ ಸೇರಿದರೆ ಯಾರಿಂದಲೂ ಸಮಾಧಾನ ಮಾಡಲು ಆಗುವುದಿಲ್ಲ.

ಐದು ಮನೆ ಮೊದಲೇ ಆರಿಸಿಟ್ಟುಕೊಳ್ಳಿ. ಅವಳಿಗೆ ಪರಿಚಯ ಇರುವ ಮನೆಗಳು, ಕಿರುಚುವ ಬೊಂಬೆ ಇಲ್ಲದವು. ಮನೆಯಲ್ಲೇ ಒಮ್ಮೆ ಆಟ ಆಡಿ: ಅಜ್ಜಿ ಬಾಗಿಲು ತೆರೆಯಲಿ, ಮಗಳು "ಟ್ರಿಕ್ ಆರ್ ಟ್ರೀಟ್" (ಬಾಗಿಲಲ್ಲಿ ಕ್ಯಾಂಡಿ ಕೇಳುವ ಮಾತು) ಅನ್ನಲಿ, ಅಜ್ಜಿ ಒಂದು ದ್ರಾಕ್ಷಿ ಹಾಕಲಿ, ಅವಳು ಥ್ಯಾಂಕ್ ಯೂ ಅನ್ನಲಿ. ಬೀದಿಯಲ್ಲಿ ಅವಳು ಮಾತಾಡದಿದ್ದರೂ ಸರಿ. ಕಾಲುದಾರಿಯಲ್ಲೇ ನಿಂತು ಅಣ್ಣ ಹೋಗಿ ಬರುವುದನ್ನು ನೋಡಿದರೂ ಸರಿ. ಸಾಕು ಅನ್ನಿಸಿದರೆ ಕೈ ಎರಡು ಸಲ ಒತ್ತು ಅಂತ ಹೇಳಿಕೊಡಿ. ಅವಳು ಒತ್ತಿದರೆ, ಎರಡನೇ ಮನೆಯಲ್ಲಿದ್ದರೂ ತಿರುಗಿ ಬನ್ನಿ. "ಇನ್ನೊಂದೇ ಒಂದು ಮನೆ" ಅನ್ನಬೇಡಿ. ಒಮ್ಮೆ ಮಾತು ತಪ್ಪಿದರೆ ಮುಂದಿನ ವರ್ಷ ಅವಳು ನಿಮ್ಮನ್ನು ನಂಬುವುದಿಲ್ಲ. ನಿಮ್ಮಿಬ್ಬರಲ್ಲಿ ಒಬ್ಬರು ಅವಳ ಜೊತೆ ಮನೆಗೆ ಬನ್ನಿ, ಇನ್ನೊಬ್ಬರು ಮಗನ ಜೊತೆ ಮುಂದೆ ಹೋಗಿ.

ಮನೆಗೆ ಬಂದ ಮೇಲೆ ಅವಳಿಗೆ ಇನ್ನೊಂದು ಕೆಲಸ ಇದೆ, ಕೊಡುವ ಕೆಲಸ. ನನ್ನ ಅನುಭವದಲ್ಲಿ ಪುಟ್ಟ ಮಕ್ಕಳಿಗೆ ಇಸಿದುಕೊಳ್ಳುವುದಕ್ಕಿಂತ ಕೊಡುವುದೇ ಜಾಸ್ತಿ ಖುಷಿ. ಮನೆಯ ಮುಂದಿನ ಮೆಟ್ಟಿಲ ಮೇಲೆ ಚಾಪೆ ಹಾಕಿ, ಶಾಲು ಹೊದ್ದು, ಅಜ್ಜಿ-ಮೊಮ್ಮಗಳು ಬುಟ್ಟಿ ಇಟ್ಟುಕೊಂಡು ಕೂರಲಿ. ಬಾಗಿಲು ಮುಚ್ಚಿ ಒಳಗಿದ್ದರೆ ಬೆಲ್ ಹೊಡೆದಾಗಲೆಲ್ಲ ಯಾವ ಮುಖ ಕಾಣುತ್ತದೋ ಅನ್ನುವ ಗಾಬರಿ. ಹೊರಗೆ ಕೂತರೆ ದೂರದಿಂದಲೇ ಬರುವುದು ಕಾಣುತ್ತದೆ. ದೊಡ್ಡ ಮಕ್ಕಳು ಮುಖವಾಡ ಹಾಕಿಕೊಂಡು ಬಂದರೆ ನೀವೇ ನಗುತ್ತಾ ಕೇಳಿ: "ನಮ್ಮ ಪುಟ್ಟಿಗೆ ನಿಮ್ಮ ಮುಖ ತೋರಿಸ್ತೀರಾ?" ಹತ್ತು ವರ್ಷದ ಹುಡುಗ ಮುಖವಾಡ ಮೇಲೆತ್ತಿ ಹಲ್ಲು ಬಿಟ್ಟು ನಗುವುದನ್ನು ನಾಲ್ಕು ಸಲ ನೋಡಿದರೆ, ನೂರು ಸಮಾಧಾನದ ಮಾತಿಗಿಂತ ಹೆಚ್ಚು ಕೆಲಸ ಆಗುತ್ತದೆ.

ಬೀದಿಯೇ ಬೇಡ ಅನ್ನಿಸಿದರೆ ಹಗಲಿನ ಕಾರ್ಯಕ್ರಮಗಳಿವೆ. ಗ್ರಂಥಾಲಯ, ಮೃಗಾಲಯಗಳಲ್ಲಿ ಮಾಡುತ್ತಾರೆ. ಪಾರ್ಕಿಂಗ್ ಜಾಗದಲ್ಲಿ ಕಾರುಗಳ ಡಿಕ್ಕಿ ತೆರೆದಿಟ್ಟು ಕ್ಯಾಂಡಿ ಕೊಡುವ "ಟ್ರಂಕ್ ಆರ್ ಟ್ರೀಟ್" ಕೂಡ ಇದೆ. ಅಲ್ಲಿ ಗಾಡಿ ಓಡಾಟ ಇರುವುದಿಲ್ಲ.

ಗಾಡಿಯ ಮಾತು ಬಂತಲ್ಲ, ಇದನ್ನು ಸ್ವಲ್ಪ ನಿಲ್ಲಿಸಿ ಹೇಳುತ್ತೇನೆ. ಹ್ಯಾಲೋವೀನ್ ಅಂದರೆ ತಂದೆತಾಯಿಗೆ ಭಯ ಇರುವುದು ಅಪರಿಚಿತರು ಕ್ಯಾಂಡಿಯಲ್ಲಿ ವಿಷ ಹಾಕುತ್ತಾರೆ ಅಂತ. ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ 1980ರ ದಶಕದಿಂದ ಇಂಥ ಸುದ್ದಿಗಳ ಬೆನ್ನು ಹತ್ತಿದ್ದಾರೆ. ಗುರುತಿಲ್ಲದವರು ಮನೆ ಮನೆಗೆ ಬಂದ ಮಕ್ಕಳಿಗೆ ವಿಷದ ಕ್ಯಾಂಡಿ ಕೊಟ್ಟು ಮಗು ಸತ್ತ ಒಂದೇ ಒಂದು ಖಚಿತ ಪ್ರಕರಣವೂ ಅವರಿಗೆ ಸಿಕ್ಕಿಲ್ಲ. ನಿಜವಾದ ಅಪಾಯ ರಸ್ತೆಯಲ್ಲಿದೆ. 1975ರಿಂದ 2016ರವರೆಗಿನ 42 ವರ್ಷಗಳ ಅಮೆರಿಕದ ಅಪಘಾತಗಳ ಲೆಕ್ಕವನ್ನು ವೈದ್ಯರ ಒಂದು ತಂಡ ತೆಗೆದು ನೋಡಿತು. ಒಂದು ವಾರ ಹಿಂದಿನ ಮತ್ತು ಮುಂದಿನ ಸಂಜೆಗಳಿಗೆ ಹೋಲಿಸಿದರೆ ಹ್ಯಾಲೋವೀನ್ ಸಂಜೆ ಕಾಲ್ನಡಿಗೆಯವರು ಸಾಯುವ ಸಂಭವ 43 ಶೇಕಡಾ ಹೆಚ್ಚು. ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಿ ಅದು ಹತ್ತು ಪಟ್ಟು. ಒಟ್ಟು ಸಂಖ್ಯೆ ಚಿಕ್ಕದೇ, ಆದರೂ ನಿಮ್ಮ ಮಗ ಸರಿಯಾಗಿ ಆ ವಯಸ್ಸಿನವನು. ಅವನದು ಕಪ್ಪು ವೇಷ ಬೇರೆ.

ಆದ್ದರಿಂದ ಅವನ ವೇಷದ ಬೆನ್ನಿಗೂ ಕ್ಯಾಂಡಿ ಚೀಲಕ್ಕೂ ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸಿ. ಕೈಗೆ ಟಾರ್ಚ್ ಕೊಡಿ. ರಸ್ತೆಯ ಒಂದು ಬದಿಯ ಮನೆಗಳನ್ನೆಲ್ಲ ಮುಗಿಸಿ, ಕ್ರಾಸಿಂಗ್‌ನಲ್ಲಿ ದಾಟಿ, ಆಮೇಲೆ ಇನ್ನೊಂದು ಬದಿ. ಗೆಳೆಯರು ಆಚೆ ಕಡೆ ಕಂಡ ತಕ್ಷಣ ಓಡುವುದು ಈ ವಯಸ್ಸಿನ ಸ್ವಭಾವ. ಹಾಗಾಗಿ ನಿಮ್ಮ ಫೋನ್ ಜೇಬಿನಲ್ಲಿರಲಿ, ಅವನ ಕೈ ನಿಮ್ಮ ಕೈಯಲ್ಲಿರಲಿ.

ಕ್ಯಾಂಡಿ. ನಿಮ್ಮ ಮಗಳಿಗೆ ನಾಲ್ಕು ತುಂಬಿಲ್ಲ. ಗಟ್ಟಿ ಕ್ಯಾಂಡಿ, ಇಡೀ ಕಡಲೆಬೀಜ, ಬಾದಾಮಿ, ಪಾಪ್‌ಕಾರ್ನ್, ಚ್ಯೂಯಿಂಗ್ ಗಮ್, ಅಂಟಂಟಾದ ಕ್ಯಾರಮೆಲ್ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಇವನ್ನು ಅವಳ ಚೀಲದಿಂದ ಮೊದಲೇ ತೆಗೆದುಬಿಡಿ. ನಡೆಯುತ್ತಾ, ಓಡುತ್ತಾ ತಿನ್ನುವುದು ಇಬ್ಬರಿಗೂ ಬೇಡ. ಮನೆಗೆ ಬಂದು ಕೂತು ತಿನ್ನಲಿ.

ಸಸ್ಯಾಹಾರದ ವಿಷಯ: ಇಲ್ಲಿ ನಮ್ಮ ಹಸಿರು ಚುಕ್ಕಿ ಇಲ್ಲ, ಓದಿಯೇ ತಿಳಿಯಬೇಕು. ನೋಡಬೇಕಾದ ಮುಖ್ಯ ಪದ ಜೆಲಟಿನ್. ಇದನ್ನು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುತ್ತಾರೆ. ಮಾರ್ಷ್‌ಮ್ಯಾಲೋ, ಹರಿಬೋ ಗಮ್ಮಿ ಕರಡಿ, ಸ್ಟಾರ್‌ಬರ್ಸ್ಟ್, ಹ್ಯಾಲೋವೀನ್‌ನಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾಂಡಿ ಕಾರ್ನ್, ಇವುಗಳಲ್ಲಿ ಇರುತ್ತದೆ. ಸಾದಾ ಹಾಲಿನ ಚಾಕೊಲೇಟ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕೆಂಪು ಬಣ್ಣಕ್ಕೆ ಕಾರ್ಮೈನ್ ಅಂತ ಬರೆದಿದ್ದರೆ ಅದು ಕೀಟದಿಂದ ಬಂದದ್ದು. ಚಿಕ್ಕ ಪ್ಯಾಕೆಟ್‌ಗಳ ಮೇಲೆ ಕೆಲವು ಸಲ ಏನೂ ಬರೆದಿರುವುದಿಲ್ಲ. ಅಂಥವನ್ನು ಪಕ್ಕಕ್ಕಿಡಿ, ಅಲರ್ಜಿ ಇರುವ ಮಕ್ಕಳ ಮನೆಯಲ್ಲಂತೂ ಖಂಡಿತ. ಮಗನಿಗೆ ಮೊದಲೇ ಹೇಳಿಡಿ: ಕೊಟ್ಟದ್ದನ್ನೆಲ್ಲ ಥ್ಯಾಂಕ್ ಯೂ ಹೇಳಿ ತೆಗೆದುಕೋ, ಮನೆಗೆ ಬಂದು ನಮಗೆ ಆಗದ್ದನ್ನು ಆಗುವುದರ ಜೊತೆ ಬದಲಾಯಿಸಿಕೊಳ್ಳೋಣ. ಅದಕ್ಕೆ ಅವನಿಗೆ ಇಷ್ಟವಾದದ್ದು ಒಂದಿಷ್ಟು ಮನೆಯಲ್ಲಿ ತಂದಿಟ್ಟುಕೊಂಡಿರಿ.

ಬೀದಿಯಲ್ಲಿ ಹಸಿರು-ನೀಲಿ ಬಣ್ಣ ಬಳಿದ ಕುಂಬಳಕಾಯಿ ಕಂಡರೆ ಆ ಮನೆಯಲ್ಲಿ ತಿಂಡಿ ಬದಲು ಪೆನ್ಸಿಲ್, ಸ್ಟಿಕ್ಕರ್, ಗುಳ್ಳೆ ಊದುವ ಬಾಟಲಿಯಂಥ ಸಾಮಾನೂ ಸಿಗುತ್ತದೆ ಅಂತ ಅರ್ಥ. ಆಹಾರ ಅಲರ್ಜಿ ಇರುವ ಮಕ್ಕಳಿಗಾಗಿ 2014ರಲ್ಲಿ ಅಮೆರಿಕದಾದ್ಯಂತ ಶುರುವಾದ ಪದ್ಧತಿ ಇದು. ನೀವೂ ಒಂದು ಇಡಿ. ಮಗಳಿಗೆ ಬಣ್ಣ ಬಳಿಯುವ ಕೆಲಸ ಸಿಕ್ಕ ಹಾಗಾಯಿತು, ಚಾಕು ಬೇಕಾಗಿಲ್ಲ.

ಎಷ್ಟು ತಿನ್ನಬಹುದು? ಎರಡು ವರ್ಷ ದಾಟಿದ ಮಕ್ಕಳಿಗೆ ದಿನಕ್ಕೆ 25 ಗ್ರಾಂಗಿಂತ ಕಡಿಮೆ ಸೇರಿಸಿದ ಸಕ್ಕರೆ ಅಂತ ಅಮೆರಿಕದ ಹೃದಯ ಸಂಘ ಹೇಳುತ್ತದೆ. ಒಂದು ಪುಟ್ಟ ಚಾಕೊಲೇಟ್ ಬಾರ್‌ನಲ್ಲೇ ಸುಮಾರು 8ರಿಂದ 10 ಗ್ರಾಂ. ಆದರೂ ಆ ಒಂದು ಸಂಜೆ ಎಣಿಸಬೇಡಿ. ಮಕ್ಕಳ ಆಹಾರದ ಬಗ್ಗೆ ಬಹಳ ಕೆಲಸ ಮಾಡಿದ ಎಲಿನ್ ಸ್ಯಾಟರ್ ಅವರ ದಾರಿ ನನಗೆ ಹಿಡಿಸಿದೆ. ಮೊದಲ ದಿನ ಮಗು ಎಲ್ಲವನ್ನೂ ಹರಡಿಕೊಂಡು, ಜೋಡಿಸಿ, ಬೇಕಾದಷ್ಟು ತಿನ್ನಲಿ. ಮಾರನೆಯ ದಿನವೂ ಹಾಗೇ. ಆಮೇಲೆ ಡಬ್ಬ ಮೇಲಿಟ್ಟು ಊಟ-ತಿಂಡಿಯ ಜೊತೆಗೆ ಒಂದೆರಡು ಮಾತ್ರ. ಊಟದ ಜೊತೆ ತಿಂದರೆ ಹಲ್ಲಿಗೂ ಒಳ್ಳೆಯದು, ದಿನವಿಡೀ ಚೀಪುವುದೇ ಹುಳುಕಿಗೆ ಕಾರಣ. ರಾತ್ರಿ ಮಾಟಗಾತಿಯೊಬ್ಬಳು ಬಂದು ಕ್ಯಾಂಡಿ ತೆಗೆದುಕೊಂಡು ಆಟಿಕೆ ಇಟ್ಟುಹೋಗುತ್ತಾಳೆ ಅಂತ ಹೇಳುವ ಮನೆಗಳೂ ಇಲ್ಲಿವೆ. ನಿಮ್ಮ ಮನೆಯಲ್ಲಿ ಅದು ಬೇಡವೇ ಬೇಡ. ರಾತ್ರಿ ಎದ್ದು ಅಳುತ್ತಿದ್ದ ಮಗುವಿಗೆ, ನೀನು ಮಲಗಿದಾಗ ಮಾಟಗಾತಿ ಬರುತ್ತಾಳೆ ಅಂತ ಹೇಳುವುದು ಹೇಗೆ?

ಅತ್ತೆಯವರ ಬೇಸರವನ್ನು ಹಳೇ ಕಾಲದವರ ಮಾತು ಅಂತ ತಳ್ಳಿಹಾಕಬೇಡಿ. ಮುಸ್ಸಂಜೆಯಲ್ಲಿ ದೀಪ ಹಚ್ಚುವ ಮನೆಯಿಂದ ಬಂದವರಿಗೆ ಬಾಗಿಲಲ್ಲಿ ತಲೆಬುರುಡೆ ಕಂಡರೆ ಮನಸ್ಸಿಗೆ ಕಸಿವಿಸಿ ಆಗುವುದು ಸಹಜ. ಅವರ ಜೊತೆ ಕೂತು ಹಬ್ಬದ ಕಥೆ ಹೇಳಿ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಜನ ಸುಗ್ಗಿ ಮುಗಿದು ಚಳಿಗಾಲ ಶುರುವಾಗುವಾಗ "ಸಾವಿನ್" (Samhain) ಅನ್ನುವ ಹೆಸರಿನ ಹಬ್ಬ ಮಾಡುತ್ತಿದ್ದರು. ಆ ಹೊತ್ತಲ್ಲಿ ಸತ್ತವರು ಹತ್ತಿರ ಬರುತ್ತಾರೆ ಅನ್ನುವುದು ಅವರ ನಂಬಿಕೆ. ಆಮೇಲೆ ಕ್ರೈಸ್ತರು ನವೆಂಬರ್ 1ನ್ನು ಸಕಲ ಸಂತರ ದಿನ ಮಾಡಿದರು, ಅದರ ಹಿಂದಿನ ಸಂಜೆ ಹ್ಯಾಲೋವೀನ್ ಆಯಿತು. ಇಂಗ್ಲೆಂಡಿನಲ್ಲಿ ಬಡವರು ಮನೆ ಮನೆಗೆ ಹೋಗಿ, ಆ ಮನೆಯ ಸತ್ತವರಿಗಾಗಿ ಪ್ರಾರ್ಥಿಸಿ ಕೇಕ್ ಪಡೆಯುತ್ತಿದ್ದರು. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಅತ್ತೆಯವರಿಗೆ ಇದು ಬೇಗ ಅರ್ಥವಾಗುತ್ತದೆ. 1840ರ ದಶಕದ ಬರಗಾಲದಲ್ಲಿ ಐರಿಷ್ ಜನ ಗುಂಪುಗುಂಪಾಗಿ ಅಮೆರಿಕಕ್ಕೆ ಬಂದಾಗ ಹಬ್ಬವೂ ಜೊತೆಗೆ ಬಂತು. ಊರಲ್ಲಿ ಅವರು ಟರ್ನಿಪ್ ಗೆಡ್ಡೆ ಕೊರೆದು ವಿಕಾರ ಮುಖ ಮಾಡಿ ದೀಪ ಇಡುತ್ತಿದ್ದರು, ಇಲ್ಲಿ ಕುಂಬಳಕಾಯಿ ಸಿಕ್ಕಿತು. ಮಕ್ಕಳು ಮನೆ ಮನೆಗೆ ಹೋಗುವುದು ದೇಶದ ತುಂಬ ಹರಡಿದ್ದು ಎರಡನೇ ಮಹಾಯುದ್ಧದ ಮೇಲೆ, 1947ರಲ್ಲಿ ಸಕ್ಕರೆಯ ರೇಷನ್ ಮುಗಿದ ನಂತರ.

ಆ ವಿಕಾರ ಮುಖದ ದೀಪ ಕೆಟ್ಟದ್ದು ಹತ್ತಿರ ಬಾರದಿರಲಿ ಅಂತ. ನಮ್ಮಲ್ಲಿ ಕಟ್ಟುತ್ತಿರುವ ಮನೆಯ ಮುಂದೆ ಬೂದುಗುಂಬಳಕ್ಕೆ ಕೋರೆಹಲ್ಲು, ಮೀಸೆ ಬರೆದು ದೃಷ್ಟಿಗೆ ಅಂತ ತೂಗುಹಾಕುವುದಿಲ್ಲವೇ? ಮಲೆನಾಡಿನವರಾದರೆ ಅತ್ತೆಯವರೇ ಅಂಟಿಗೆ-ಪಂಟಿಗೆ ನೆನಪು ಮಾಡಿಕೊಂಡಾರು. ದೀಪಾವಳಿಯ ರಾತ್ರಿ ದೀಪ ಹಿಡಿದು ಹಾಡುತ್ತಾ ಮನೆ ಮನೆಗೆ ಬರುವ ತಂಡ, ಅವರ ದೀಪಕ್ಕೆ ಎಣ್ಣೆ, ಕೈಗೆ ಅಕ್ಕಿ, ಕಾಸು. ಎರಡೂ ಒಂದೇ ಹಬ್ಬ ಅಂತ ನಾನು ಹೇಳುತ್ತಿಲ್ಲ. ಆದರೆ ಚಳಿಗಾಲದ ಮೊದಲು ದೀಪ ಹಿಡಿದು ಬಾಗಿಲಿಗೆ ಬಂದವರಿಗೆ ಕೊಟ್ಟು ಕಳಿಸುವುದು ಅವರಿಗೆ ಹೊಸದೇನೂ ಅಲ್ಲ. ವೇಷ ಅಂದರೆ ಶಾಲೆಯ ಛದ್ಮವೇಷ ಸ್ಪರ್ಧೆಯ ಹಾಗೆ ಅಂತ ಹೇಳಿ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ರಂದೇ ಬಂದಿತ್ತು. ಬೆಳಿಗ್ಗೆ ಎಣ್ಣೆ ನೀರು, ಸಂಜೆ ಟ್ರಿಕ್ ಆರ್ ಟ್ರೀಟ್ ಅಂತ ಎರಡನ್ನೂ ಮಾಡಿದ ಮನೆಗಳು ನನಗೆ ಗೊತ್ತು.

ಇಷ್ಟು ಹೇಳಿದ ಮೇಲೂ ಅವರಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಮಾಡಬೇಡಿ. ನಿಮ್ಮ ಮನೆಯ ಬಾಗಿಲಲ್ಲಿ ತಲೆಬುರುಡೆ ಬೇಡ, ಒಂದು ಕುಂಬಳಕಾಯಿ ಮತ್ತು ಸಾಲು ಹಣತೆ ಸಾಕು. ಮನೆಗೆ ಬಂದ ಮೇಲೆ ಅವರು ಮಕ್ಕಳಿಗೆ ದೃಷ್ಟಿ ತೆಗೆಯಲಿ. ಅಜ್ಜಿಯ ಕೈ ತಲೆಯ ಸುತ್ತ ಮೂರು ಸುತ್ತು ಬಂದರೆ ಮಗಳಿಗೂ ಅವತ್ತಿನ ಸಂಜೆ ಚೆನ್ನಾಗಿ ಮುಗಿಯಿತು ಅಂತ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಇಷ್ಟೆಲ್ಲ ಮಾಡಿದರೂ ವಾರಗಟ್ಟಲೆ ನಿದ್ದೆ ಕೆಡುತ್ತಿದ್ದರೆ, ಊಟ ಬಿಟ್ಟರೆ, ಹೊರಗೆ ಹೆಜ್ಜೆ ಇಡಲೂ ಒಪ್ಪದಿದ್ದರೆ ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಮಾತಾಡಿ. ಮೂರೂವರೆ ವರ್ಷದವರಿಗೂ ಆಟದ ಮೂಲಕ ಸಹಾಯ ಮಾಡುವವರಿದ್ದಾರೆ.

ಕೊನೆಯದಾಗಿ, ನವೆಂಬರ್ 1ರ ಬೆಳಿಗ್ಗೆ ಬಿಡುವು ಮಾಡಿಕೊಳ್ಳಿ. ಆ ಮನೆಯವರು ಅಸ್ಥಿಪಂಜರವನ್ನು ಯಾವಾಗ ಕಳಚುತ್ತಾರೆ ಅಂತ ಮೊದಲೇ ಕೇಳಿಟ್ಟುಕೊಂಡು, ಆ ಹೊತ್ತಿಗೆ ಮಗಳನ್ನು ಕರೆದುಕೊಂಡು ಹೋಗಿ. ಬ್ಯಾಟರಿ ತೆಗೆದು, ಕೈಕಾಲು ಬಿಚ್ಚಿ, ರಟ್ಟಿನ ಡಬ್ಬದಲ್ಲಿ ಮಲಗಿಸುವುದನ್ನು ಅವಳು ನೋಡಲಿ. ಮುಚ್ಚಳಕ್ಕೆ ಟೇಪ್ ಅಂಟಿಸುವಾಗ ಒಂದು ತುದಿ ಅವಳ ಕೈಗೆ ಕೊಡಿ ಅಂತ ಕೇಳಿ.